ನಾಲ್ಕು ಕಿಲೋಬೈಟಿನ ನದಿ

ಆಗಷ್ಟೇ ಓದು ಮುಗಿಸಿ 1978ರಲ್ಲಿ ಅಟಾರಿ ಕಂಪನಿಗೆ ಸೇರಿದ ಕ್ಯಾರಲ್ ಶಾ ಅವರಿಗೆ ಸಿಕ್ಕ ಮೊದಲ ಕೆಲಸಕ್ಕೂ ಸುಗಂಧದ್ರವ್ಯಕ್ಕೂ ನಂಟಿತ್ತು. ಅಟಾರಿಯ ಒಡೆತನ ಆಗ ವಾರ್ನರ್ ಕಮ್ಯುನಿಕೇಷನ್ಸ್ ಎಂಬ ದೊಡ್ಡ ಸಂಸ್ಥೆಯದು. ರಾಲ್ಫ್ ಲಾರೆನ್ ಹೆಸರಿನ ಪೋಲೊ ಕಲೋನ್ ಮಾರಾಟದಲ್ಲೂ ಅದೇ ಸಂಸ್ಥೆಗೆ ಪಾಲಿತ್ತು. ಕಲೋನ್ ಜೊತೆಗೆ ಒಂದು ವಿಡಿಯೊ ಗೇಮನ್ನೂ ಪ್ರಚಾರಕ್ಕೆ ಬಿಟ್ಟರೆ ಹೇಗೆ ಎಂದು ಯಾರಿಗೋ ಹೊಳೆಯಿತು. ಶಾ ಕುದುರೆ ಸವಾರರು ಚೆಂಡು ಹೊಡೆಯುವ ಆಟವೊಂದನ್ನು ಬರೆದು ಮುಗಿಸಿದರು. ಅಷ್ಟರಲ್ಲಿ ಪ್ರಚಾರದ ಯೋಜನೆಯೇ ಬಿದ್ದುಹೋಗಿ, ‘ಪೋಲೊ’ ಅಂಗಡಿಯ ಮುಖ ಕಾಣಲಿಲ್ಲ.

ಅದೇ ದಿನಗಳ ಇನ್ನೊಂದು ಘಟನೆಯನ್ನು ಶಾ ಸಂದರ್ಶನಗಳಲ್ಲಿ ನೆನೆಸಿಕೊಂಡಿದ್ದಾರೆ. ಅಟಾರಿಯ ಮುಖ್ಯಸ್ಥರಾಗಿದ್ದ ರೇ ಕಸಾರ್ ಒಮ್ಮೆ ಪ್ರಯೋಗಾಲಯ ನೋಡಲು ಬಂದರು. ಬಟ್ಟೆ ಉದ್ಯಮದಿಂದ ಬಂದ ಮನುಷ್ಯ. ಕೊನೆಗೂ ಒಬ್ಬ ಹೆಣ್ಣುಮಗಳು ಆಟದ ವಿನ್ಯಾಸಕ್ಕೆ ಬಂದಳಲ್ಲ, ಇನ್ನು ಮೇಲೆ ಸೌಂದರ್ಯವರ್ಧಕಗಳ ಬಣ್ಣ ಹೊಂದಿಸುವ, ಮನೆಯ ಒಳಾಂಗಣ ಸಿಂಗರಿಸುವ ಆಟಗಳನ್ನು ಇವಳಿಂದ ಮಾಡಿಸಬಹುದು ಎಂಬರ್ಥದ ಮಾತಾಡಿ ಮುಂದೆ ಹೋದರು. ಅವರು ಹೋದ ಮೇಲೆ ಸಹೋದ್ಯೋಗಿಗಳು, ಅವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡ, ನಿನಗೆ ಇಷ್ಟವಾದ ಆಟ ಮಾಡು ಎಂದು ಧೈರ್ಯ ಹೇಳಿದರಂತೆ.

ವಿಡಿಯೊ ಗೇಮ್ ಉದ್ಯಮದ ಮೊದಮೊದಲ ಮಹಿಳಾ ವಿನ್ಯಾಸಕಿಯರಲ್ಲಿ ಒಬ್ಬರು ಎಂದು ಶಾ ಅವರನ್ನು ಈಗ ಎಲ್ಲೆಡೆ ಸ್ಮರಿಸುತ್ತಾರೆ. ಅದು ನಿಜ, ಸ್ಮರಿಸಬೇಕಾದ್ದೇ. ಆದರೆ ಬಹುತೇಕ ಬರಹಗಳು ಅಷ್ಟಕ್ಕೇ ನಿಂತುಬಿಡುತ್ತವೆ. ಅವರು ಮಾಡಿದ ಕೆಲಸ ಯಾವುದು, ಅದರ ಕಷ್ಟ ಎಲ್ಲಿತ್ತು, ಅದನ್ನು ಯಾವ ಗಣಿತದಿಂದ ದಾಟಿದರು ಎಂಬ ಪ್ರಶ್ನೆಗಳು ಹಾಗೇ ಉಳಿಯುತ್ತವೆ. ಒಬ್ಬ ಎಂಜಿನಿಯರ್‌ಗೆ ಸಲ್ಲಬೇಕಾದ ಗೌರವವೆಂದರೆ ಅವರ ಎಂಜಿನಿಯರಿಂಗನ್ನು ಅರ್ಥ ಮಾಡಿಕೊಳ್ಳುವುದು ಎಂದು ನಾನು ನಂಬಿದ್ದೇನೆ. ಹಾಗಾಗಿ ಈ ಅಧ್ಯಾಯದ ಹೆಚ್ಚಿನ ಭಾಗ 4096 ಬೈಟ್‌ಗಳ ಒಳಗೇ ನಡೆಯುತ್ತದೆ. 4096 ಬೈಟ್ ಎಂದರೆ ಎಷ್ಟು? ನೀವು ಈಗ ಓದಿದ ಮೂರು ಪ್ಯಾರಾಗಳನ್ನು ಇಂದಿನ ಯೂನಿಕೋಡ್ ಕನ್ನಡದಲ್ಲಿ ಉಳಿಸಿಡಲೂ ಅಷ್ಟು ಜಾಗ ಸಾಲದು.

ಶಾ ಹುಟ್ಟಿದ್ದು 1955ರಲ್ಲಿ, ಬೆಳೆದದ್ದು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ. ತಂದೆ ಸ್ಟ್ಯಾನ್‌ಫರ್ಡ್ ಲೀನಿಯರ್ ಆಕ್ಸಿಲರೇಟರ್ ಕೇಂದ್ರದಲ್ಲಿ ಮೆಕ್ಯಾನಿಕಲ್ ಎಂಜಿನಿಯರ್. ಅಣ್ಣತಮ್ಮಂದಿರ ಆಟಿಕೆ ರೈಲು ಈ ಹುಡುಗಿಯ ಕೈಗೂ ಬರುತ್ತಿತ್ತು. ಶಾಲೆಯಲ್ಲಿ ಗಣಿತದ ಸ್ಪರ್ಧೆಗಳಲ್ಲಿ ಬಹುಮಾನ ಗೆದ್ದರು, ಹೈಸ್ಕೂಲಿನಲ್ಲಿ ಕಂಪ್ಯೂಟರ್ ಮುಟ್ಟಿದರು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ 1977ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮತ್ತು ಕಂಪ್ಯೂಟರ್ ವಿಜ್ಞಾನದಲ್ಲಿ ಪದವಿ, ಅದರ ಬೆನ್ನಿಗೇ ಸ್ನಾತಕೋತ್ತರ ಪದವಿ. ಅವರು ಓದುತ್ತಿದ್ದಾಗಲೇ, 1975ರಲ್ಲಿ, ಮಾಸ್ ಟೆಕ್ನಾಲಜಿ ಕಂಪನಿ 6502 ಎಂಬ ಮೈಕ್ರೊಪ್ರೊಸೆಸರನ್ನು ಬರೀ 25 ಡಾಲರಿಗೆ ಮಾರತೊಡಗಿತು. ಅದಕ್ಕೂ ಮೊದಲು ಅಂಥ ಚಿಪ್‌ಗೆ ನೂರಾರು ಡಾಲರ್ ಕೊಡಬೇಕಿತ್ತು. ಮನೆಯ ಟಿವಿಗೆ ಕಂಪ್ಯೂಟರ್ ಜೋಡಿಸುವ ಕನಸಿಗೆ ಕಾಲು ಬಂದದ್ದು ಆ ಬೆಲೆಯಿಂದ.

ಅಟಾರಿ 1977ರಲ್ಲಿ ಮಾರುಕಟ್ಟೆಗೆ ತಂದ ವಿಡಿಯೊ ಕಂಪ್ಯೂಟರ್ ಸಿಸ್ಟಮ್, ಅಂದರೆ ಮುಂದೆ ‘ಅಟಾರಿ 2600’ ಎಂದು ಹೆಸರಾದ ಯಂತ್ರ, ಇದೇ ಚಿಪ್‌ನ ಇನ್ನೂ ಅಗ್ಗದ ರೂಪವಾದ 6507ರ ಮೇಲೆ ನಿಂತಿತ್ತು. ಆಟದ ಪ್ರೋಗ್ರಾಮ್ ಕಾರ್ಟ್ರಿಜ್‌ನ ಒಳಗೆ ಅಚ್ಚಾಗಿರುತ್ತಿತ್ತು. ಯಂತ್ರಕ್ಕೆ ಸಲೀಸಾಗಿ ಕಾಣುತ್ತಿದ್ದ ಜಾಗ 4 ಕಿಲೋಬೈಟ್. ಆಟ ನಡೆಯುವಾಗ ಅಂಕ, ಸ್ಥಾನ, ಬದಲಾಗುವ ಎಲ್ಲವನ್ನೂ ಬರೆದಿಟ್ಟುಕೊಳ್ಳಲು ಇದ್ದ ರ‍್ಯಾಮ್ 128 ಬೈಟ್. ಕಿಲೋಬೈಟ್ ಅಲ್ಲ, ಬೈಟ್.

ಈ 128 ಎಂಬ ಸಂಖ್ಯೆಯಿಂದ ಒಂದು ವಿಚಿತ್ರ ಪರಿಣಾಮ ಹುಟ್ಟುತ್ತದೆ. ಪರದೆಯಲ್ಲಿ ಅಡ್ಡಕ್ಕೆ 160 ಚುಕ್ಕಿ, ಉದ್ದಕ್ಕೆ ಸುಮಾರು 192 ಗೆರೆ. ಒಂದೊಂದು ಚುಕ್ಕಿಗೆ ಕೇವಲ ಒಂದು ಬಿಟ್ ಕೊಟ್ಟರೂ ಇಡೀ ಚಿತ್ರಕ್ಕೆ 3840 ಬೈಟ್ ಬೇಕು. ಯಂತ್ರದಲ್ಲಿ ಇರುವುದರ 30 ಪಟ್ಟು. ಆದ್ದರಿಂದ ಚಿತ್ರವನ್ನು ಎಲ್ಲೂ ಇಟ್ಟುಕೊಳ್ಳುವ ಮಾತೇ ಇಲ್ಲ. ಟಿವಿಯ ಎಲೆಕ್ಟ್ರಾನ್ ಕಿರಣ ಗಾಜಿನ ಮೇಲೆ ಎಡದಿಂದ ಬಲಕ್ಕೆ ಒಂದೊಂದೇ ಗೆರೆ ಎಳೆಯುತ್ತಾ ಹೋಗುವಾಗ, ಈ ಗೆರೆಯಲ್ಲಿ ಏನು ಕಾಣಬೇಕು ಎಂಬುದನ್ನು ಪ್ರೋಗ್ರಾಮ್ ಆ ಕ್ಷಣದಲ್ಲೇ ಟಿಐಎ ಎಂಬ ಚಿತ್ರದ ಚಿಪ್‌ಗೆ ಹೇಳಬೇಕು. ಒಂದು ಗೆರೆಗೆ ಸಿಗುವ ಸಮಯ ಪ್ರೊಸೆಸರ್‌ನ 76 ಮಿಡಿತ. ಒಂದು ಸೂಚನೆಗೆ ಎರಡರಿಂದ ಏಳು ಮಿಡಿತ ಬೇಕು. ಲೆಕ್ಕ ಹಾಕಿದರೆ ಗೆರೆಯೊಂದಕ್ಕೆ ಇಪ್ಪತ್ತು ಚಿಲ್ಲರೆ ಸೂಚನೆಗಳು.

ಎತ್ತುಗಳು ನಿಲ್ಲದೆ ನಡೆಯುತ್ತಿರುವಾಗ ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತಾ ಹಿಂದೆ ನಡೆಯುವ ಹೆಂಗಸರನ್ನು ನೋಡಿದವರಿಗೆ ಈ ಕೆಲಸದ ಸ್ವರೂಪ ಗೊತ್ತು. ಕೈ ಒಂದು ಗಳಿಗೆ ತಡೆದರೆ ಸಾಲು ಅಲ್ಲಿ ಬರಿದು. ಎತ್ತು ಕಾಯುವುದಿಲ್ಲ. ಹೊಲದ ಬದುವಿನಲ್ಲಿ ಕೂರಿಗೆ ತಿರುಗುವಾಗ ಮಾತ್ರ ಉಸಿರಾಡಲು ಬಿಡುವು. ಅಟಾರಿ ಪ್ರೋಗ್ರಾಮರ್‌ಗೂ ಅಂಥದೇ ಬಿಡುವಿತ್ತು: ಅಮೆರಿಕದ ಟಿವಿಯ ಒಂದು ಚೌಕಟ್ಟಿಗೆ 262 ಗೆರೆ, ಅದರಲ್ಲಿ ಕಣ್ಣಿಗೆ ಕಾಣುವವು 192. ಉಳಿದ 70 ಗೆರೆಗಳ ಹೊತ್ತಿನಲ್ಲಿ ಕಿರಣ ಕೆಳಗಿನಿಂದ ಮತ್ತೆ ಮೇಲಕ್ಕೆ ಹೋಗುತ್ತದೆ. ಆಟದ ಲೆಕ್ಕಾಚಾರವೆಲ್ಲ, ಅಂದರೆ ಯಾರು ಯಾರಿಗೆ ಡಿಕ್ಕಿ ಹೊಡೆದರು, ಅಂಕ ಎಷ್ಟು, ಜಾಯ್‌ಸ್ಟಿಕ್ ಎತ್ತ ವಾಲಿದೆ ಎಂಬುದೆಲ್ಲ, ಮುಖ್ಯವಾಗಿ ಆ ಬಿಡುವಿನಲ್ಲೇ ಮುಗಿಯಬೇಕು. ಸೆಕೆಂಡಿಗೆ 60 ಸಲ ಇದೇ ಓಟ.

ಶಾ ಅವರ ಹೆಸರಿಗೆ ಸಲ್ಲುವ ಮೊದಲ ಪ್ರಕಟಿತ ಆಟಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ‘3-ಡಿ ಟಿಕ್-ಟ್ಯಾಕ್-ಟೋ’ ನೋಡಲು ಸಪ್ಪೆ. ನಾಲ್ಕು ಮಹಡಿಯ ಮಣೆ, ಒಂದೊಂದು ಮಹಡಿಯಲ್ಲೂ ನಾಲ್ಕು ನಾಲ್ಕರ ಚೌಕ, ಒಟ್ಟು 64 ಮನೆ. ನೇರವಾಗಿ, ಓರೆಯಾಗಿ, ಮಹಡಿಯಿಂದ ಮಹಡಿಗೆ ಹೇಗೆ ಬೇಕಾದರೂ ನಾಲ್ಕು ಕಾಯಿ ಸಾಲಾಗಬೇಕು. ಗೆಲ್ಲುವ ಸಾಲುಗಳು ಸರಿಯಾಗಿ 76. (ಗೆರೆಯೊಂದರ ಮಿಡಿತಗಳೂ 76. ಬರೀ ಕಾಕತಾಳೀಯ, ಆದರೂ ನನಗೆ ಇದು ಇಷ್ಟ.) ಈ ಆಟ ಗಣಿತಜ್ಞರನ್ನೂ ಸತಾಯಿಸಿದೆ. ಮೊದಲು ಆಡುವವರು ಖಂಡಿತ ಗೆಲ್ಲಬಹುದು ಎಂಬುದಕ್ಕೆ ಓರೆನ್ ಪಟಾಶ್ನಿಕ್ ಕಂಪ್ಯೂಟರಿನ ನೆರವಿನಿಂದ ಪುರಾವೆ ಪ್ರಕಟಿಸಿದ್ದು 1980ರಲ್ಲಿ. ಅದರ ಆಸುಪಾಸಿನಲ್ಲೇ ಶಾ 128 ಬೈಟಿನ ಆಟಿಕೆಗೆ ಅದೇ ಆಟವನ್ನು ಕಲಿಸಿದ್ದರು. ಚಿತ್ರ ಬಿಡಿಸುವ ಕೈಯೂ ಯೋಚಿಸುವ ತಲೆಯೂ ಆ ಯಂತ್ರದಲ್ಲಿ ಒಂದೇ. ಬಿಡುವಿನ 70 ಗೆರೆಗಳಲ್ಲಿ ಸಿಗುವುದು ಐದು ಸಾವಿರ ಚಿಲ್ಲರೆ ಮಿಡಿತ. ಮುಂದಿನ ನಡೆ ಹುಡುಕುವ ಕೆಲಸಕ್ಕೆ ಅದು ಏನೇನೂ ಸಾಲದು. ಇದರ ನಂತರ ಡ್ರಾಫ್ಟ್ಸ್ ಮಣೆಯಾಟದ ‘ವಿಡಿಯೊ ಚೆಕರ್ಸ್’ ಬಂತು. ಅಟಾರಿಯ ಹೊಸ ಗೃಹ ಕಂಪ್ಯೂಟರುಗಳಿಗಾಗಿ ಒಂದು ಕ್ಯಾಲ್ಕ್ಯುಲೇಟರ್ ಪ್ರೋಗ್ರಾಮ್, ಅಟಾರಿ ಬೇಸಿಕ್ ಭಾಷೆಯ ಕೈಪಿಡಿಯ ಬರವಣಿಗೆಯಲ್ಲಿ ಪಾಲು, ಹೀಗೆ ಇನ್ನೂ ಕೆಲವು ಕೆಲಸಗಳು. ಇವಾವುದರಲ್ಲೂ ಥಳಕು ಬಳುಕು ಇರಲಿಲ್ಲ. ಕೈ ಪಳಗಿದ್ದು ಮಾತ್ರ ಇಲ್ಲಿಯೇ.

1980ರಲ್ಲಿ ಶಾ ಅಟಾರಿ ಬಿಟ್ಟು ಟ್ಯಾಂಡಮ್ ಕಂಪ್ಯೂಟರ್ಸ್ ಸೇರಿದರು. ಬ್ಯಾಂಕುಗಳಂಥ ಕಡೆ ಕೆಟ್ಟು ನಿಲ್ಲದಂತೆ ನಡೆಯಬೇಕಾದ ದೊಡ್ಡ ಯಂತ್ರಗಳನ್ನು ಮಾಡುತ್ತಿದ್ದ ಕಂಪನಿ ಅದು. ಅಲ್ಲೂ ಅಸೆಂಬ್ಲಿ ಭಾಷೆಯದೇ ಕೆಲಸ.

ಅಷ್ಟರಲ್ಲಿ ಗೇಮ್ ಜಗತ್ತು ಒಂದು ಜಗಳದಿಂದ ಒಡೆದಿತ್ತು. ಅಟಾರಿ ತನ್ನ ಆಟಗಳ ಪೆಟ್ಟಿಗೆಯ ಮೇಲೆ ಬರೆದವರ ಹೆಸರು ಹಾಕುತ್ತಿರಲಿಲ್ಲ. ವಾರೆನ್ ರಾಬಿನೆಟ್ ಎಂಬ ಪ್ರೋಗ್ರಾಮರ್ ತನ್ನ ‘ಅಡ್ವೆಂಚರ್’ ಆಟದೊಳಗೆ ಯಾರಿಗೂ ತಿಳಿಯದಂತೆ ಒಂದು ಕೋಣೆ ಕಟ್ಟಿ ಅಲ್ಲಿ ತನ್ನ ಹೆಸರು ಬರೆದುಕೊಂಡ. ಡೇವಿಡ್ ಕ್ರೇನ್, ಆಲನ್ ಮಿಲ್ಲರ್, ಬಾಬ್ ವೈಟ್‌ಹೆಡ್, ಲ್ಯಾರಿ ಕಪ್ಲಾನ್ ಎಂಬ ನಾಲ್ವರು ಇನ್ನೂ ನೇರ ದಾರಿ ಹಿಡಿದರು. ಕಂಪನಿ ಬಿಟ್ಟು ಹೊರಬಂದು 1979ರಲ್ಲಿ ಜಿಮ್ ಲೆವಿ ಜೊತೆಗೂಡಿ ಆ್ಯಕ್ಟಿವಿಷನ್ ಕಟ್ಟಿದರು. ಆಟ ಮಾಡಿದವರನ್ನು ಹೆಸರು ಹೇಳಿ ಮುಂದೆ ನಿಲ್ಲಿಸುವುದು ಆ ಕಂಪನಿಯ ಪದ್ಧತಿ. 1982ರಲ್ಲಿ ಶಾ ಅಲ್ಲಿಗೆ ಹೋದರು.

ಅವರು ಮೊದಲು ಯೋಚಿಸಿದ್ದು ಬಾಹ್ಯಾಕಾಶದ ಗುಂಡಿನಾಟ. ಅಂಥವು ಆಗಲೇ ಸಾಕಷ್ಟಿವೆ, ಬೇರೇನಾದರೂ ಮಾಡು ಎಂದರು ಮಿಲ್ಲರ್. ಶಾ ಗ್ರಾಫ್ ಹಾಳೆ ತೆಗೆದುಕೊಂಡು ಕೂತರು. ಆ ಹಾಳೆಯ ಮೇಲೆ ಮೂಡಿದ, ಮುಂದೆ ‘ರಿವರ್ ರೇಡ್’ ಎಂಬ ಆಟವಾದ ನದಿ ಯಂತ್ರದ ಗುಣಾವಗುಣಗಳನ್ನು ಬಲ್ಲವರಿಗಷ್ಟೇ ಹೊಳೆಯಬಹುದಾದದ್ದು. ಟಿಐಎ ಚಿಪ್ ಹಿನ್ನೆಲೆಯ ಚಿತ್ರಕ್ಕೆ ಕೊಡುವುದು ಪರದೆಯ ಅರ್ಧಕ್ಕೆ ಸಾಕಾಗುವ 20 ಬಿಟ್. ಉಳಿದರ್ಧದಲ್ಲಿ ಅದನ್ನೇ ಮತ್ತೊಮ್ಮೆ ತೋರಿಸಬಹುದು, ಇಲ್ಲವೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ತೋರಿಸಬಹುದು. ಕನ್ನಡಿಯ ಆಯ್ಕೆ ಹಿಡಿದರೆ ಎಡದಂಡೆ ಬರೆದ ಕೂಡಲೇ ಬಲದಂಡೆ ಪುಕ್ಕಟೆ. ನಡುವೆ ಉಳಿದ ನೀಲಿಯೇ ನೀರು. ನದಿಯ ಮಧ್ಯದಲ್ಲಿ ಹಸಿರು ತುಂಬಿದರೆ ದ್ವೀಪ. ಚಿತ್ರ ಮೇಲಿನಿಂದ ಕೆಳಕ್ಕೆ ಸರಿಯುವುದಕ್ಕೂ ಕಾರಣವಿದೆ. ಹಿನ್ನೆಲೆಯ ಒಂದೊಂದು ಇಟ್ಟಿಗೆಯೂ ಅಡ್ಡಕ್ಕೆ ನಾಲ್ಕು ಚುಕ್ಕಿ ಅಗಲ, ಹಾಗಾಗಿ ಪಕ್ಕಕ್ಕೆ ಸರಿಸಿದರೆ ಚಿತ್ರ ಜಿಗಿಜಿಗಿದು ಹೋಗುತ್ತದೆ. ಮೇಲಿನಿಂದ ಕೆಳಕ್ಕಾದರೆ ಒಂದೊಂದೇ ಗೆರೆಯಂತೆ ನೀರು ಹರಿದಷ್ಟು ನುಣುಪಾಗಿ ಸರಿಸಬಹುದು.

ಈಗ ಮುಖ್ಯ ತೊಡಕು. ಆಟಗಾರನ ಜೆಟ್ ವಿಮಾನ ಎಷ್ಟು ದೂರ ಹಾರಿದರೂ ನದಿ ಮುಗಿಯಬಾರದು. ಗೆರೆಯೊಂದರ ಎಡದಂಡೆಗೆ 20 ಬಿಟ್, ಅಂದರೆ ಎರಡೂವರೆ ಬೈಟ್. ಕಾರ್ಟ್ರಿಜ್‌ನಲ್ಲಿ ಬೇರೆ ಏನನ್ನೂ ಇಡದೆ ಬರೀ ನದಿಯ ನಕ್ಷೆಯನ್ನೇ ತುಂಬಿದರೂ 1638 ಗೆರೆ. ಒಂಬತ್ತು ಪರದೆಯಷ್ಟೂ ಆಗದು. ಇಟ್ಟಿಗೆಗಳನ್ನು ಎತ್ತರ ಮಾಡಿ, ಒಂದೇ ತುಣುಕನ್ನು ಮತ್ತೆ ಮತ್ತೆ ಬಳಸಿ ಹಿಗ್ಗಿಸಬಹುದು. ಆದರೂ ಹಡಗು, ಹೆಲಿಕಾಪ್ಟರ್, ಸೇತುವೆ, ಇಂಧನದ ಡಿಪೊ ಎಲ್ಲೆಲ್ಲಿ ಬರಬೇಕೆಂದು ಬರೆದಿಡಲು ಜಾಗ ಎಲ್ಲಿದೆ?

ಶಾ ನದಿಯನ್ನು ಬರೆದಿಡಲಿಲ್ಲ. ನದಿಯನ್ನು ಹುಟ್ಟಿಸುವ ನಿಯಮವನ್ನು ಬರೆದಿಟ್ಟರು. ಆ ನಿಯಮದ ಹೃದಯದಲ್ಲಿರುವುದು ಲೀನಿಯರ್ ಫೀಡ್‌ಬ್ಯಾಕ್ ಶಿಫ್ಟ್ ರಿಜಿಸ್ಟರ್. ಹೆಸರು ಭಾರ, ಕೆಲಸ ಹಗುರ. ಪೆನ್ಸಿಲು ಕಾಗದ ಇದ್ದರೆ ಸಾಕು, ಮಾಡಿಯೇ ನೋಡಬಹುದು.

ನಾಲ್ಕು ಅಂಕೆ ಬರೆಯಿರಿ: 1000. ಕೊನೆಯ ಎರಡು ಅಂಕೆ ನೋಡಿ. ಎರಡೂ ಒಂದೇ ಆಗಿದ್ದರೆ ಹೊಸ ಅಂಕೆ 0, ಬೇರೆ ಬೇರೆ ಆಗಿದ್ದರೆ 1. ಎಲ್ಲ ಅಂಕೆಗಳನ್ನೂ ಬಲಕ್ಕೆ ಒಂದು ಮನೆ ತಳ್ಳಿ, ಕೊನೆಯದು ಉದುರಿಹೋಗಲಿ, ಹೊಸದನ್ನು ಎಡಗಡೆ ಸೇರಿಸಿ. 1000ದ ಕೊನೆಯೆರಡು 0, 0. ಹಾಗಾಗಿ ಮುಂದಿನದು 0100. ಅದರ ಮುಂದಿನದು 0010. ಈಗ ಕೊನೆಯಲ್ಲಿ 1, 0 ಇವೆ, ಬೇರೆ ಬೇರೆ, ಆದ್ದರಿಂದ 1001. ಹೀಗೇ ಮುಂದುವರಿದರೆ 1100, 0110, 1011, 0101, 1010, 1101, 1110, 1111, 0111, 0011, 0001, ಆಮೇಲೆ ಮತ್ತೆ 1000. ನಾಲ್ಕು ಅಂಕೆಗಳಲ್ಲಿ ಸೊನ್ನೆ ಬಿಟ್ಟು ಸಾಧ್ಯವಿರುವ 15 ಜೋಡಣೆಗಳೂ ಒಂದೊಂದೇ ಸಲ ಬಂದುಹೋದವು. ಎಲ್ಲ ಸೊನ್ನೆ ಮಾತ್ರ ಬರುವಂತಿಲ್ಲ. ಬಂದರೆ ಅಲ್ಲಿಂದ ಹೊರಡಲು ದಾರಿಯೇ ಇಲ್ಲ.

ಯಾವ ಎರಡು ಅಂಕೆ ನೋಡುತ್ತೇವೆ ಎಂಬುದರಲ್ಲೇ ಎಲ್ಲ ಅಡಗಿದೆ. ಕೊನೆಯೆರಡರ ಬದಲು ಎರಡನೆಯದನ್ನೂ ನಾಲ್ಕನೆಯದನ್ನೂ ನೋಡಿ ಇದೇ ಆಟ ಆಡಿ: 1000, 0100, 1010, 0101, 0010, 0001, ಮತ್ತೆ 1000. ಆರೇ ಹೆಜ್ಜೆಗೆ ಮನೆಗೆ ವಾಪಸ್! ಪೂರ್ತಿ ಸುತ್ತು ಹೊಡೆಸುವ ಜೋಡಿಗಳಾವುವು ಎಂಬುದಕ್ಕೆ ಬೀಜಗಣಿತದಲ್ಲಿ ಖಚಿತ ಉತ್ತರವಿದೆ. ಸಾಲಮನ್ ಗೊಲೊಂಬ್ ಎಂಬ ಗಣಿತಜ್ಞ 1967ರಲ್ಲಿ ಇದರ ಮೇಲೆ ಇಡೀ ಪುಸ್ತಕವನ್ನೇ ಬರೆದರು. ಶಾ ಬಳಸಿದ್ದು 16 ಬಿಟ್, ಅಂದರೆ ಎರಡೇ ಬೈಟ್. 16 ಬಿಟ್‌ನ ಪೂರ್ಣ ಸುತ್ತಿಗೆ 65,535 ಹೆಜ್ಜೆ.

6507ಗೆ ಗುಣಾಕಾರದ ಸೂಚನೆಯೇ ಇರಲಿಲ್ಲ. ದೊಡ್ಡ ಕಂಪ್ಯೂಟರುಗಳು ಯಾದೃಚ್ಛಿಕ ಸಂಖ್ಯೆಗಳಿಗೆ ಬಳಸುತ್ತಿದ್ದ ಗುಣಿಸಿ ಭಾಗಿಸುವ ವಿಧಾನ ಇಲ್ಲಿ ದುಬಾರಿ. ಅಂಕೆಗಳನ್ನು ಒಂದು ಮನೆ ತಳ್ಳುವುದು, ಎರಡು ಬಿಟ್ ಹೋಲಿಸುವುದು ಮಾತ್ರ ಆ ಚಿಪ್‌ಗೆ ಕೆಲವೇ ಮಿಡಿತಗಳ ಕೆಲಸ. ರಿಜಿಸ್ಟರ್ ಒಂದೊಂದು ಹೆಜ್ಜೆ ಇಟ್ಟಾಗಲೂ ಹೊರಬಂದ ಸಂಖ್ಯೆಯ ಬಿಟ್‌ಗಳನ್ನು ನೋಡಿ ಪ್ರೋಗ್ರಾಮ್ ತೀರ್ಮಾನಿಸುತ್ತದೆ: ನದಿ ಹಿಗ್ಗಬೇಕೋ ಕುಗ್ಗಬೇಕೋ, ದ್ವೀಪ ಬೇಕೋ, ಈ ತುಣುಕಿನಲ್ಲಿ ಹಡಗೋ ಡಿಪೊವೋ. ಪರದೆಯ ಮೇಲೆ ಸದ್ಯ ಕಾಣುತ್ತಿರುವ ತುಣುಕುಗಳಷ್ಟೇ ರ‍್ಯಾಮಿನಲ್ಲಿ ಇರುತ್ತವೆ. ಕೆಳಗೆ ಸರಿದುಹೋದದ್ದು ಅಳಿಸಿಹೋಗುತ್ತದೆ. ಮೇಲೆ ಬರಲಿರುವುದು ಇನ್ನೂ ಹುಟ್ಟಿಲ್ಲ.

ಇನ್ನು ಇದರ ಅತ್ಯಂತ ಸುಂದರ ಭಾಗ. ಈ ಸಂಖ್ಯೆಗಳು ಅಡ್ಡಾದಿಡ್ಡಿಯಾಗಿ ಕಂಡರೂ ಅದೃಷ್ಟಕ್ಕೆ ಬಿಟ್ಟವಲ್ಲ. ಹೊರಡುವ ಸಂಖ್ಯೆ ಒಂದೇ ಆಗಿದ್ದರೆ ಬರುವ ಸಾಲೂ ಒಂದೇ. ಶಾ ಹೊರಡುವ ಸಂಖ್ಯೆಯನ್ನು ಕಾರ್ಟ್ರಿಜ್‌ನಲ್ಲೇ ಗಟ್ಟಿಯಾಗಿ ಬರೆದಿಟ್ಟರು. ಹಾಗಾಗಿ ‘ರಿವರ್ ರೇಡ್’ ಆಡಿದ ಪ್ರತಿ ಮಗುವೂ ಪ್ರತಿ ಮನೆಯಲ್ಲೂ ಒಂದೇ ನದಿಯ ಮೇಲೆ ಹಾರಿತು. ನದಿ ಇಕ್ಕಟ್ಟಾಗುವ ಜಾಗ ಎಲ್ಲರಿಗೂ ಅದೇ. ನದಿಯನ್ನು ಬಾಯಿಪಾಠ ಮಾಡಬಹುದಿತ್ತು, ಗೆಳೆಯರಿಗೆ ದಾರಿ ಹೇಳಿಕೊಡಬಹುದಿತ್ತು, ಇಬ್ಬರ ಅಂಕಗಳನ್ನು ನ್ಯಾಯವಾಗಿ ಹೋಲಿಸಬಹುದಿತ್ತು. ವಿಮಾನ ಉರುಳಿ ಮತ್ತೆ ಶುರುಮಾಡುವಾಗ ಆ ಭಾಗದ ಆರಂಭದಲ್ಲಿ ರಿಜಿಸ್ಟರ್‌ನಲ್ಲಿದ್ದ ಎರಡು ಬೈಟ್‌ಗಳನ್ನು ನೆನಪಿಟ್ಟುಕೊಂಡಿದ್ದರೆ ಸಾಕು, ಅದೇ ನದಿ ಮತ್ತೆ ತಾನಾಗಿ ಮೂಡಿಬರುತ್ತದೆ. ಶತ್ರುಗಳ ಚಲನವಲನಕ್ಕೆ ಮಾತ್ರ ಬೇರೆಯದೇ ಸಂಖ್ಯೆಗಳ ಸಾಲು. ಅದು ಪ್ರತಿ ಸಲ ಮೊದಲಿನಿಂದ ಶುರುವಾಗುವುದಿಲ್ಲ. ನೆಲ ಸ್ಥಿರ, ಅಪಾಯ ಚಂಚಲ. ಈ ಹದವನ್ನು ಕಂಡುಕೊಂಡದ್ದು ನನ್ನ ದೃಷ್ಟಿಯಲ್ಲಿ ಆ ಸೂತ್ರವನ್ನು ಬಳಸಿದ್ದಕ್ಕಿಂತಲೂ ದೊಡ್ಡ ಸಾಧನೆ.

ಇದೇ ಶಿಫ್ಟ್ ರಿಜಿಸ್ಟರ್ ನಮ್ಮ ತಲೆಯ ಮೇಲೂ ಇದೆ. ನಾವು ಎಲ್ಲಿದ್ದೇವೆಂದು ತಿಳಿಸುವ ಇಸ್ರೊದ ನ್ಯಾವಿಕ್ ಉಪಗ್ರಹಗಳು ನಾಗರಿಕರ ಬಳಕೆಗೆ ಕಳಿಸುವ ಸಂಕೇತದಲ್ಲಿ, ತಲಾ ಹತ್ತು ಬಿಟ್‌ನ ಎರಡು ಶಿಫ್ಟ್ ರಿಜಿಸ್ಟರುಗಳಿಂದ ಹುಟ್ಟಿದ 1023 ಅಂಕೆಗಳ ಸಾಲು ಇರುತ್ತದೆ. ಒಂದೊಂದು ಉಪಗ್ರಹಕ್ಕೂ ತನ್ನದೇ ಸಾಲು. ಯಾವ ಸಾಲು, ಎಷ್ಟು ತಡವಾಗಿ ಬಂತು ಎಂಬುದರಿಂದ ನ್ಯಾವಿಕ್ ಸಂಕೇತ ಹಿಡಿಯಬಲ್ಲ ಫೋನ್ ದೂರ ಲೆಕ್ಕಹಾಕುತ್ತದೆ. ಆ ಉಪಗ್ರಹಗಳ ನ್ಯಾವಿಗೇಷನ್ ಕೇಂದ್ರ ಇರುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ. ಅಟಾರಿಯ ಚಿಪ್‌ನೊಳಗೂ ಇದೇ ತತ್ತ್ವ ಮೊದಲೇ ಕೂತಿತ್ತು. ‘ರಿವರ್ ರೇಡ್’ನಲ್ಲಿ ಸೇತುವೆ ಸಿಡಿದಾಗ ಕೇಳುವ ಒರಟು ಸದ್ದನ್ನು ಟಿಐಎ ಹುಟ್ಟಿಸುವುದು ಅಂಥದೇ ಪುಟ್ಟ ರಿಜಿಸ್ಟರುಗಳನ್ನು ವೇಗವಾಗಿ ಓಡಿಸಿ.

ಗಣಿತದ ಜೊತೆಗೆ ಆಟದ ಮನಶ್ಶಾಸ್ತ್ರವೂ ಶಾ ಅವರಿಗೆ ಚೆನ್ನಾಗಿ ಗೊತ್ತಿತ್ತು. ವಿಮಾನದ ಇಂಧನ ಸದಾ ಇಳಿಯುತ್ತಿರುತ್ತದೆ. ಡಿಪೊದ ಮೇಲೆ ಹಾರಿದರೆ ತುಂಬುತ್ತದೆ. ಆದರೆ ಡಿಪೊವನ್ನು ಹೊಡೆದುರುಳಿಸಿದರೆ 80 ಅಂಕ. ಹಡಗಿಗೆ 30, ಹೆಲಿಕಾಪ್ಟರಿಗೆ 60. ತುಂಬಿಸಿಕೊಳ್ಳಲು ನಿಧಾನವಾಗಿ ಹಾರಬೇಕು, ಅಂಕ ಬೇಕೆಂದರೆ ಹೊಡೆಯಬೇಕು. ಅರ್ಧ ತುಂಬಿಸಿಕೊಂಡು ದಾಟುವ ಮುನ್ನ ಹೊಡೆಯುವ ಚಾಲಾಕಿಗಳೂ ಹುಟ್ಟಿಕೊಂಡರು. ಒಂದೇ ವಸ್ತುವಿನಲ್ಲಿ ಹಸಿವನ್ನೂ ಆಸೆಯನ್ನೂ ಎದುರುಬದುರು ನಿಲ್ಲಿಸಿದ ಈ ಏರ್ಪಾಡಿಗೆ ಕೆಲವೇ ಬೈಟ್ ಖರ್ಚಾಗಿರಬೇಕು. ಆಟ ಇಂದಿಗೂ ಆಡಿಸಿಕೊಳ್ಳುವುದು ಅದರಿಂದಲೇ. 15,000 ಅಂಕ ದಾಟಿದವರು ಟಿವಿ ಪರದೆಯ ಫೋಟೊ ತೆಗೆದು ಕಳಿಸಿದರೆ ಆ್ಯಕ್ಟಿವಿಷನ್ ಬಟ್ಟೆಗೆ ಹೊಲಿದುಕೊಳ್ಳುವ ಬಿಲ್ಲೆ ಕಳಿಸುತ್ತಿತ್ತು. ಹತ್ತು ಲಕ್ಷ ಮುಟ್ಟಿದರೆ ಅಂಕ ತೋರಿಸುವ ಜಾಗದಲ್ಲಿ ಆರು ಆಶ್ಚರ್ಯಸೂಚಕ ಚಿಹ್ನೆಗಳು ಬಂದು ಆಟ ಮುಗಿಯುತ್ತಿತ್ತು.

1982ರಲ್ಲಿ ಬಂದ ಈ ಆಟ ಶಾ ಅವರಿಗೆ ದೊಡ್ಡ ಹೆಸರು ತಂದಿತು. ಪಶ್ಚಿಮ ಜರ್ಮನಿಯಲ್ಲಿ ಬೇರೆಯೇ ಕಥೆ: ಯುದ್ಧದ ಚಿತ್ರಣ ಮಕ್ಕಳಿಗೆ ಹಾನಿಕರ ಎಂದು ಅಲ್ಲಿನ ಸರ್ಕಾರಿ ಮಂಡಳಿ 1984ರಲ್ಲಿ ಅದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಅಂಥ ಪಟ್ಟಿಗೆ ಸೇರಿದ ಮೊದಮೊದಲ ವಿಡಿಯೊ ಗೇಮ್‌ಗಳಲ್ಲಿ ಇದೂ ಒಂದು. ಅದೇ 1984ರಲ್ಲಿ ಬ್ರಿಟನ್ನಿನ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ‘ಎಲೀಟ್’ ಎಂಬ ಆಟದಲ್ಲಿ ತಲಾ 256 ನಕ್ಷತ್ರಗಳ ಎಂಟು ಗೆಲಾಕ್ಸಿಗಳನ್ನು ಇಂಥದೇ ಆಲೋಚನೆಯಿಂದ ಕೆಲವು ಬೈಟ್‌ಗಳಲ್ಲಿ ಅಡಗಿಸಿದರು. ಇಂದಿನ ಮಕ್ಕಳು ‘ಮೈನ್‌ಕ್ರಾಫ್ಟ್’ನಲ್ಲಿ ಒಂದು ಸಂಖ್ಯೆ ಹಂಚಿಕೊಂಡು ಇಡೀ ಜಗತ್ತನ್ನೇ ಹಂಚಿಕೊಳ್ಳುವುದೂ ಇದೇ ಬಗೆಯ ಲೆಕ್ಕದಿಂದ.

ಇಂಟೆಲಿವಿಷನ್ ಯಂತ್ರಕ್ಕಾಗಿ 1983ರಲ್ಲಿ ಶಾ ಬರೆದ ‘ಹ್ಯಾಪಿ ಟ್ರೇಲ್ಸ್’ ಹೊರಬರುವ ಹೊತ್ತಿಗೆ ಅಮೆರಿಕದ ವಿಡಿಯೊ ಗೇಮ್ ಮಾರುಕಟ್ಟೆ ಕುಸಿಯತೊಡಗಿತ್ತು. ಮರುವರ್ಷ ಅವರು ಆ್ಯಕ್ಟಿವಿಷನ್ ಬಿಟ್ಟು ಟ್ಯಾಂಡಮ್‌ಗೆ ಮರಳಿದರು, 1990ರಲ್ಲಿ ಉದ್ಯೋಗದಿಂದಲೇ ನಿವೃತ್ತರಾದರು. ಆಟಗಳನ್ನು ಮಾಡಿದ್ದು ಒಟ್ಟು ನಾಲ್ಕೈದು ವರ್ಷವಷ್ಟೇ. 2017ರಲ್ಲಿ ಗೇಮ್ ಅವಾರ್ಡ್ಸ್ ಸಮಾರಂಭ ಅವರನ್ನು ಸನ್ಮಾನಿಸಿತು. ಅದೇ ವರ್ಷ ಅವರು ತಮ್ಮ ಬಳಿ ಉಳಿದಿದ್ದ ಕಾರ್ಟ್ರಿಜ್‌ಗಳು, ಪೆಟ್ಟಿಗೆಗಳು, ‘ರಿವರ್ ರೇಡ್’ನ ವಿನ್ಯಾಸದ ಹಾಳೆಗಳು ಮತ್ತು ಮೂಲ ಕೋಡ್‌ನ ಅಚ್ಚುಪ್ರತಿಗಳನ್ನು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿರುವ ‘ದಿ ಸ್ಟ್ರಾಂಗ್’ ಎಂಬ ಆಟಗಳ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಕಲೋನ್ ಪ್ರಚಾರಕ್ಕೆಂದು ಬರೆದ ‘ಪೋಲೊ’ದ ಪ್ರತಿ ಕೂಡ ಉಳಿದುಬಂದಿದ್ದು, ಹಳೆಯ ಆಟಗಳ ಸಂಗ್ರಾಹಕರು ಅದನ್ನು ಈಗ ಎಮ್ಯುಲೇಟರ್‌ನಲ್ಲಿ ಆಡುತ್ತಾರೆ.